ಬಟನ್ ಸೆಲ್ ನುಂಗಿದ ಮಗುವಿಗೆ ಬಾಳೆಹಣ್ಣು ಬೇಡ

ಮಗು ಕಾಸು ನುಂಗಿತು ಅಂದರೆ ನಮ್ಮ ಕಡೆ ಮೊದಲು ಬಾಳೆಹಣ್ಣು ಹುಡುಕುತ್ತಾರೆ. ತಿನ್ನಿಸಿ, ಮಾರನೇ ದಿನ ಹೊರಗೆ ಬಂತಾ ಎಂದು ನೋಡುತ್ತಾರೆ. ಕಾಸು ಹೊಟ್ಟೆಗೆ ಇಳಿದಿದ್ದರೆ ಎಷ್ಟೋ ಸಲ ಬಂದೂ ಬಿಡುತ್ತದೆ. ಆದರೆ ನುಂಗಿದ್ದು ಬಟನ್ ಸೆಲ್, ಅಂದರೆ ಕಾಸಿನಂಥ ಚಪ್ಪಟೆ ಪುಟ್ಟ ಬ್ಯಾಟರಿ ಆಗಿದ್ದರೆ ಬೆಳಗಾಗುವವರೆಗೆ ಕಾಯುವ ಹಾಗಿಲ್ಲ. ದಾವಣಗೆರೆಯಲ್ಲಿ ಮಕ್ಕಳ ವೈದ್ಯನಾಗಿ ನಾನು ತಂದೆ ತಾಯಿಗಳಿಗೆ ಪದೇ ಪದೇ ಹೇಳುವ ಮಾತಿದು.

ಸೆಲ್ ಒಡೆದು ವಿಷ ಸೋರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಮುಖ್ಯ ಹಾನಿ ಆಗುವುದು ಬೇರೆ ರೀತಿಯಲ್ಲಿ. ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರ ಎರಡೂ ಬದಿಗೆ ಒದ್ದೆ ಗೋಡೆ ತಾಗುತ್ತದೆ. ಜೊಲ್ಲಿನ ಮೂಲಕ ಕರೆಂಟ್ ಹರಿಯುತ್ತದೆ. ಮೈನಸ್ ಬದಿಯಲ್ಲಿ ನೀರು ಒಡೆದು ಕಾಸ್ಟಿಕ್ ಸೋಡಾದಂಥ ಕ್ಷಾರ ಅಲ್ಲೇ ಹುಟ್ಟುತ್ತದೆ. 15 ನಿಮಿಷದಲ್ಲೇ ಸುಡಲು ಶುರುವಾಗಬಹುದು. 2 ಗಂಟೆಯೊಳಗೆ ಗಾಯ ಆಳಕ್ಕೆ ಹೋಗಬಹುದು. ಅನ್ನನಾಳದ ಮುಂದೆಯೇ ಶ್ವಾಸನಾಳ ಇದೆ, ಪಕ್ಕದಲ್ಲೇ ಮೈಯ ಅತಿ ದೊಡ್ಡ ರಕ್ತನಾಳ ಇದೆ.

ಎಲ್ಲಕ್ಕಿಂತ ಅಪಾಯದ್ದು ಸಿಆರ್ 2032ರಂಥ ಲಿಥಿಯಂ ಸೆಲ್. ಅದರ ಅಗಲ 20 ಮಿಲಿಮೀಟರ್, ವೋಲ್ಟೇಜ್ 3. ಚಿಕ್ಕ ಮಗುವಿನ ಅನ್ನನಾಳದಲ್ಲಿ ನಿಂತುಬಿಡುವ ಅಳತೆ ಅದು. ಕಾರಿನ ಕೀ, ತೂಕದ ಯಂತ್ರ, ಸಣ್ಣ ರಿಮೋಟ್‌ಗಳಲ್ಲಿ ಇರುತ್ತದೆ. ದುಗ್ಗಮ್ಮನ ಜಾತ್ರೆಯಲ್ಲಿ ಕೊಡಿಸುವ ಮಿಣಮಿಣ ಆಟಿಕೆಗಳಲ್ಲೂ ಬಟನ್ ಸೆಲ್ ಇರಬಹುದು, ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ರಿಮೋಟ್ ನಡೆಸಲು ಸಾಲದ ಹಳೇ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ಸುಮ್ನೆ ಟಿವಿ ಪಕ್ಕ ಇಡಬೇಡಿ.

ಈಚೆಗೆ ಸಾಲಿಡ್ ಸ್ಟೇಟ್ ಬ್ಯಾಟರಿಯ ಸುದ್ದಿ ಜಾಸ್ತಿ. ಒಳಗಿನ ದ್ರವದ ಬದಲು ಸೆರಾಮಿಕ್‌ನಂಥ ಗಟ್ಟಿ ವಸ್ತುವಿನಲ್ಲಿ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಓಡಾಡುತ್ತವೆ. 2007ರಲ್ಲಿ ಮುರುಗನ್, ತಂಗದೊರೈ, ವೆಪ್ನರ್ ಎಂಬ ವಿಜ್ಞಾನಿಗಳು ಇಂಥದೇ ಒಂದು ವಸ್ತುವನ್ನು ತೋರಿಸಿಕೊಟ್ಟರು. ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂ ಸೇರಿದ ಆಕ್ಸೈಡ್ ಅದು. ಬೆಂಕಿ ಹೊತ್ತುವ ದ್ರವ ಇಲ್ಲ ಅಂದರೆ ಮಕ್ಕಳಿಗೂ ಕ್ಷೇಮ, ಅಲ್ವಾ ಎಂದು ಓದಿಕೊಂಡ ಪೋಷಕರೇ ಕೇಳುತ್ತಾರೆ. ಗಂಟಲಿನ ಮಟ್ಟಿಗೆ ಇಲ್ಲ. ಸುಡುವುದು ಸೆಲ್‌ನ ಹೊರಗೆ ಹರಿಯುವ ಕರೆಂಟ್. ಒಳಗೆ ದ್ರವ ಇರಲಿ, ಗಟ್ಟಿ ಇರಲಿ, ಹೊರಗೆ 3 ವೋಲ್ಟ್ ಸಿಕ್ಕರೆ ಜೊಲ್ಲು ಅದೇ ಕ್ಷಾರ ಮಾಡುತ್ತದೆ.

ನನಗೆ ಆಸೆ ಹುಟ್ಟಿಸುವ ಸಂಶೋಧನೆ ಹೊರಗಿನ ಪದರದ್ದು. 2014ರಲ್ಲಿ ಅಮೆರಿಕದ ವಿಜ್ಞಾನಿಗಳಾದ ರಾಬರ್ಟ್ ಲ್ಯಾಂಗರ್, ಜೆಫ್ರಿ ಕಾರ್ಪ್ ತಂಡ ಒತ್ತಿದಾಗ ಮಾತ್ರ ಕರೆಂಟ್ ಬಿಡುವ ಲೇಪನವೊಂದನ್ನು ಪ್ರಕಟಿಸಿತು. ಉಪಕರಣದ ಸ್ಪ್ರಿಂಗ್ ಒತ್ತಿದರೆ ಸೆಲ್ ಕೆಲಸ ಮಾಡುತ್ತದೆ. ಅನ್ನನಾಳದ ಮೆತ್ತಗಿನ ಒತ್ತಡಕ್ಕೆ ಮಾಡುವುದಿಲ್ಲ. ಇಂಥದ್ದು ಎಲ್ಲ ಅಗ್ಗದ ಸೆಲ್‌ಗಳಿಗೂ ಬರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಕೆಲವು ಕಂಪನಿಗಳು ಕಹಿ ಲೇಪನ ಹಾಕುತ್ತಿವೆ. ಮಗು ಉಗುಳಿದರೆ ಒಳ್ಳೆಯದೇ, ಆದರೆ ನುಂಗಿದ ಮೇಲೆ ಕಹಿಯಿಂದ ಏನೂ ಆಗದು.

ನುಂಗಿದ್ದನ್ನು ಯಾರೂ ನೋಡಿಲ್ಲ ಅಂದರೆ ಪತ್ತೆ ಕಷ್ಟ. ಜೊಲ್ಲು, ಕೆಮ್ಮು, ವಾಂತಿ, ಊಟ ಬೇಡ ಅನ್ನುವುದು, ಇವೆಲ್ಲ ನೆಗಡಿಯಂತೆಯೇ ಕಾಣುತ್ತವೆ. ಕೆಲವು ಮಕ್ಕಳಿಗೆ ಶುರುವಿನಲ್ಲಿ ಏನೂ ಇರುವುದಿಲ್ಲ. ಅನುಮಾನ ಬಂದರೂ ಸಾಕು, ಹೊರಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ 'ಬಟನ್ ಸೆಲ್ ನುಂಗಿರಬಹುದು' ಎಂದಿರಲಿ. ಎಕ್ಸ್‌ರೇಯಲ್ಲಿ ಕಾಸಿನಂತೆ ಕಂಡರೂ ಸೆಲ್‌ನ ಅಂಚಿನಲ್ಲಿ ಎರಡು ಬಳೆ ಕಾಣುತ್ತದೆ. ಅನ್ನನಾಳದಲ್ಲಿದ್ದರೆ ಹೊಟ್ಟೆ ಖಾಲಿಯಾಗಲಿ ಎಂದು ಕಾಯದೆ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತೆಗೆಯಬೇಕು.

ಜಗಳೂರು, ಚನ್ನಗಿರಿ ಕಡೆಯಿಂದ ಬರುವವರಿಗೆ ದಾರಿಯಲ್ಲೇ ಒಂದು ಗಂಟೆ ಹೋಗುತ್ತದೆ. ಮಗುವಿಗೆ 1 ವರ್ಷ ತುಂಬಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ಮತ್ತು ನುಂಗಲು ಆಗುತ್ತಿದ್ದರೆ, 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಿ, ಆರು ಸಲದವರೆಗೆ. ಅದು ಗೋಡೆಗೆ ಪದರವಾಗಿ ಕೂತು ಕ್ಷಾರವನ್ನು ತಗ್ಗಿಸುತ್ತದೆ. ಜೇನು ಮನೆಯಲ್ಲಿ ಇಲ್ಲದಿದ್ದರೆ ಹುಡುಕುತ್ತಾ ನಿಲ್ಲಬೇಡಿ. ಬೇರೆ ಏನೂ ತಿನ್ನಿಸಬೇಡಿ, ವಾಂತಿ ಮಾಡಿಸಬೇಡಿ. 1 ವರ್ಷದೊಳಗಿನ ಕೂಸಿಗೆ ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ) ಭಯ ಇರುವುದರಿಂದ ಜೇನು ಕೊಡಲೇಬಾರದು.

ಸೆಲ್ ತೆಗೆದ ಮೇಲೂ ಸುಟ್ಟ ಜಾಗ ಒಳಗೊಳಗೇ ತೂತಾಗಬಹುದು. ಮುಂದಿನ ಕೆಲವು ವಾರ ರಕ್ತದ ವಾಂತಿ, ಕಪ್ಪು ಮಲ, ಕುಡಿದರೆ ಕೆಮ್ಮು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಎನ್ನದೆ ವಾಪಸ್ ಬನ್ನಿ.