ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಕಂಡದ್ದೆಲ್ಲ ತೈಲವಲ್ಲ

ಕಡಲಿನ ತೈಲ ಸೋರಿಕೆಯ ಮೇಲೆ ಉಪಗ್ರಹದಿಂದ ಕಣ್ಣಿಡುವ ಬಗ್ಗೆ ಓದುವಾಗ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಮಾತೊಂದಿದೆ. ರೇಡಿಯೊ ಅಲೆ ಕಳಿಸಿ, ಮರಳಿ ಬಂದ ಸಂಕೇತದಿಂದ ಚಿತ್ರ ಕಟ್ಟುವ ಸಿಂಥೆಟಿಕ್ ಅಪರ್ಚರ್ ರೇಡಾರ್ ತೈಲವನ್ನು ನೇರವಾಗಿ ಗುರುತಿಸುವುದಿಲ್ಲ. ಅದಕ್ಕೆ ತಿಳಿಯುವುದು ನೀರಿನ ಮೇಲ್ಮೈ ಎಷ್ಟು ಒರಟಾಗಿದೆ ಎಂಬುದಷ್ಟೇ. ಮೋಡ ಕವಿದಿದ್ದರೂ, ನಡುರಾತ್ರಿಯಾದರೂ ಅದರ ಕೆಲಸ ನಿಲ್ಲುವುದಿಲ್ಲ. ಹಾಗಾಗಿಯೇ ಈ ಕೆಲಸಕ್ಕೆ ಅದೇ ಮುಖ್ಯ ಸಾಧನ.

ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ಅನ್ನೇ ತೆಗೆದುಕೊಳ್ಳಿ. ಅದರ ತರಂಗದೂರ ಸುಮಾರು 5.6 ಸೆಂ.ಮೀ. ಎಷ್ಟು ಉದ್ದದ ಅಲೆ ಈ ಸಂಕೇತವನ್ನು ಮರಳಿಸುತ್ತದೆ ಎಂದು ತಿಳಿಯಲು ಇದನ್ನು ಪತನ ಕೋನದ (ಕಿರಣ ಲಂಬದಿಂದ ಎಷ್ಟು ಓರೆಯಾಗಿ ನೀರಿಗೆ ಬೀಳುತ್ತದೆ ಎಂಬ ಕೋನ) ಸೈನ್ ಬೆಲೆಯ ಎರಡರಷ್ಟರಿಂದ ಭಾಗಿಸಿ. ಕೋನ 35 ಡಿಗ್ರಿ ಆದರೆ ಉತ್ತರ 5 ಸೆಂ.ಮೀ.ಗೆ ತುಸು ಕಡಿಮೆ. ಅಂದರೆ ಬ್ರ್ಯಾಗ್ ಚದುರುವಿಕೆಯಿಂದ (ಹೊಂದುವ ಉದ್ದದ ಅಲೆಗಳಿಂದ ಮರಳುವ ಸಂಕೇತಗಳು ಒಂದಕ್ಕೊಂದು ಸೇರಿ ಬಲಗೊಳ್ಳುವುದು) ಸಂಕೇತವನ್ನು ಹಿಂದಕ್ಕೆ ಕಳಿಸುವುದು ದೊಡ್ಡ ತೆರೆಗಳಲ್ಲ, ಗಾಳಿ ಎಬ್ಬಿಸುವ ಬೆರಳುದ್ದದ ಕಿರು ಅಲೆಗಳು. ತೈಲದ ಪದರ ಇವುಗಳನ್ನು ಅಡಗಿಸಿಬಿಡುತ್ತದೆ. ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ.

ತೊಡಕು ಶುರುವಾಗುವುದೂ ಇಲ್ಲೇ. ಗಾಳಿ ಸೆಕೆಂಡಿಗೆ 2-3 ಮೀಟರಿಗಿಂತ ಕಡಿಮೆಯಿದ್ದರೆ ತೈಲವಿಲ್ಲದ ನೀರೂ ಕಪ್ಪಾಗಿಯೇ ಕಾಣುತ್ತದೆ. 10-12 ಮೀಟರ್ ದಾಟಿದರೆ ತೆಳು ಪದರ ಒಡೆದು ನೀರಿನಲ್ಲಿ ಬೆರೆತುಹೋಗುತ್ತದೆ. ಪಾಚಿಯಂಥ ಜೀವಿಗಳು ಬಿಡುವ ಜಿಡ್ಡು, ಮಳೆ, ಕೆಳಗಿನಿಂದ ಮೇಲೇಳುವ ತಣ್ಣೀರು, ಇವೂ ತೈಲದಂತೆಯೇ ತೋರುತ್ತವೆ. ಆದ್ದರಿಂದ ಕಲೆಯ ಆಕಾರ ನೋಡುವ ಮೊದಲೇ ಆ ಹೊತ್ತಿನ ಗಾಳಿಯ ದತ್ತಾಂಶ ತೆರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಆಕಾರ: ಸಾಗುತ್ತಿರುವ ಹಡಗು ಚೆಲ್ಲಿದ ತೈಲ ಸಾಮಾನ್ಯವಾಗಿ ಉದ್ದನೆಯ ಪಟ್ಟಿಯಾಗಿರುತ್ತದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ರಿಗ್ ಸ್ಫೋಟಗೊಂಡು 11 ಮಂದಿ ಸತ್ತರು. ಬಾವಿಯಿಂದ 87 ದಿನ ತೈಲ ಹರಿಯಿತು. ಆಗ ನಾಸಾದ ಟೆರ್ರಾ, ಅಕ್ವಾ ಉಪಗ್ರಹಗಳಲ್ಲಿದ್ದ, ಬೆಳಕನ್ನು ಸೆರೆಹಿಡಿಯುವ ಮೋಡಿಸ್ ಉಪಕರಣದ ಚಿತ್ರಗಳಲ್ಲಿ ಬಿಸಿಲು ಪ್ರತಿಫಲಿಸುವ ಕಡೆ ತೈಲ ಬೆಳ್ಳಿಯಂತೆ ಹೊಳೆಯಿತು. ಅದೇ ತೈಲ ರೇಡಾರಿನಲ್ಲಿ ಕಪ್ಪು, ಇಲ್ಲಿ ಬಿಳುಪು, ಗೊಂದಲ ಮಾಡಿಕೊಳ್ಳಬೇಡಿ.

ವಿಸ್ತೀರ್ಣ ನೋಡಿ ಪ್ರಮಾಣ ಹೇಳಲು ಹೋಗಬಾರದು. ಒಂದು ಚದರ ಕಿ.ಮೀ. ಮೇಲೆ 0.1 ಮೈಕ್ರೊಮೀಟರ್ ದಪ್ಪದ ಪದರ ಹರಡಿದ್ದರೆ ಅಲ್ಲಿರುವುದು 100 ಲೀಟರ್. ದಪ್ಪ 50 ಮೈಕ್ರೊಮೀಟರ್ ಆದರೆ 50,000 ಲೀಟರ್. ಒಂದೇ ರೇಡಾರ್ ಚಿತ್ರದ ಕಪ್ಪಿನಿಂದ ಈ ವ್ಯತ್ಯಾಸ ಹೇಳುವುದು ಬಹಳ ಕಷ್ಟ. ಯುರೋಪಿನಲ್ಲಿ 2007ರಿಂದ ನಡೆಯುತ್ತಿರುವ, ಉಪಗ್ರಹ ಚಿತ್ರಗಳಲ್ಲಿ ತೈಲ ಹುಡುಕುವ ಕ್ಲೀನ್‌ಸೀನೆಟ್ ಸೇವೆ ಕೂಡ ಕೊಡುವುದು 'ತೈಲ ಇರಬಹುದು' ಎಂಬ ಎಚ್ಚರಿಕೆಯನ್ನು. ಖಚಿತಪಡಿಸಿಕೊಳ್ಳಲು ಆಯಾ ದೇಶದವರು ವಿಮಾನವನ್ನೋ ಹಡಗನ್ನೋ ಸ್ಥಳಕ್ಕೆ ಕಳಿಸಬೇಕು.