‘ಯುಂಗೆಲ್ನ್ಸ್ ಲಾಗ್’: ಪಲ್ಲವಿಗಾಗಿ ಕಾಯಬೇಡಿ

ಮೊದಲು ಹೆಸರಿನ ತೊಡಕು ಬಿಡಿಸಿಕೊಳ್ಳೋಣ. ಬ್ಯಾಂಡ್ ‘ಟ್ರೆಡ್, ಗ್ರೆಸ್ ಓ ಸ್ಟೇನರ್’. ಸ್ವೀಡಿಷ್‌ನಲ್ಲಿ ಹಾಗಂದ್ರೆ ಮರ, ಹುಲ್ಲು, ಕಲ್ಲು. ಆಲ್ಬಮ್ ‘ಯುಂಗೆಲ್ನ್ಸ್ ಲಾಗ್’, ಅಂದರೆ ಕಾಡಿನ ಕಾನೂನು. ಬಂದದ್ದು 1972ರಲ್ಲಿ. ಸ್ಟುಡಿಯೋದಲ್ಲಿ ಕೂತು ಮಾಡಿದ್ದಲ್ಲ, ಜನರ ಮುಂದೆ ನುಡಿಸಿದ್ದು.

ಮೊದಲ ಸಲ ನಾನು ಹತ್ತೇ ನಿಮಿಷಕ್ಕೆ ಆಫ್ ಮಾಡಿದ್ದೆ. ಇದೇನು, ಬಾರಿಸಿದ್ದನ್ನೇ ಬಾರಿಸ್ತಿದ್ದಾರಲ್ಲ! ಪಲ್ಲವಿ ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ, ಅದೇ ನನ್ನ ತಪ್ಪು.

ಇದರ ಬೇರು 1967ರಲ್ಲಿದೆ. ಆ ವರ್ಷ ಅಮೆರಿಕದ ಸಂಗೀತ ಸಂಯೋಜಕ ಟೆರ್ರಿ ರೈಲಿ ಸ್ಟಾಕ್‌ಹೋಮ್‌ಗೆ ಬಂದು ತನ್ನ ‘ಇನ್ ಸಿ’ ಅನ್ನುವ ಕೃತಿ ನುಡಿಸಿದರು. ಅದರಲ್ಲಿರುವುದು 53 ಪುಟ್ಟ ತುಣುಕುಗಳು. ಪ್ರತಿಯೊಬ್ಬರೂ ಒಂದು ತುಣುಕನ್ನು ಮನಸ್ಸಿಗೆ ಬಂದಷ್ಟು ಸಲ ನುಡಿಸಿ ಮುಂದಕ್ಕೆ ಹೋಗಬಹುದು. ಜೊತೆಗೆ ನುಡಿಸಿದವರಲ್ಲಿ ಬೂ ಆಂಡರ್ಸ್ ಪೆರ್ಸನ್ ಅನ್ನುವ ಸಂಗೀತ ವಿದ್ಯಾರ್ಥಿಯೂ ಇದ್ದರು. ಅವರು ಕಟ್ಟಿದ ‘ಪೇರ್ಸನ್ ಸೌಂಡ್’ ಮುಂದೆ ‘ಇಂಟರ್‌ನ್ಯಾಷನಲ್ ಹಾರ್ವೆಸ್ಟರ್’ ಆಯಿತು, ಆಮೇಲೆ ಬರೀ ‘ಹಾರ್ವೆಸ್ಟರ್’, ಕೊನೆಗೆ ಮರ-ಹುಲ್ಲು-ಕಲ್ಲು. ಹೆಸರು ನಾಲ್ಕು, ಬಳಗ ಹೆಚ್ಚುಕಡಿಮೆ ಒಂದೇ.

ಈಗ ಮುಖ್ಯ ವಿಷಯ. ತೂರ್ಬ್ಯೋರ್ನ್ ಅಬೆಲ್ಲಿಯ ಬಾಸ್ ಗಿಟಾರ್ ಕೆಲವೇ ಸ್ವರಗಳನ್ನು ಹಿಡಿದು ಕೂರುತ್ತದೆ, ತಂಬೂರಿ ಹಾಗೆ. ತೋಮಾಸ್ ಮೇರಾ ಗಾರ್ಟ್ಸ್ ಡ್ರಮ್ಸ್‌ಗೆ ಅವಸರವೇ ಇಲ್ಲ. ಪೆರ್ಸನ್ ಮತ್ತು ಯಾಕೊಬ್ ಷೋಹೋಲ್ಮ್ ಗಿಟಾರ್‌ಗಳು ಇದರ ಮೇಲೆ ಮೆಲ್ಲಗೆ ಗೀರುತ್ತಾ ಹೋಗುತ್ತವೆ. ರಾಗ ಬದಲಾಗುವುದು ಕಮ್ಮಿ. ಬದಲಾಗುವುದು ಸದ್ದಿನ ದಪ್ಪ, ಒರಟುತನ, ಓಟ. ಇಷ್ಟು ಸರಳ ಯಾಕೆ ಅಂದ್ರೆ, ಕೇಳಲು ಬಂದವರೂ ಜೊತೆಗೂಡಿ ಬಾರಿಸಲಿ ಅನ್ನುವುದು ಇವರ ಆಸೆ. ಹಾಗಾಗಿ ಇಲ್ಲಿ ಲೈವ್ ಅನ್ನುವುದು ಸುಮ್ನೆ ಒಂದು ವಿವರ ಅಲ್ಲ. ಜನರನ್ನು ತೆಗೆದರೆ ಈ ಸಂಗೀತ ಅರ್ಧ ಖಾಲಿ.

ಎರಡು ಕಡೆ ಜಾಸ್ತಿ ಜನ ಎಡವುತ್ತಾರೆ. ಈ ಬ್ಯಾಂಡ್ ಸೇರುವ ಸ್ವೀಡನ್ನಿನ ‘ಪ್ರೊಗ್ಗ್’ ಬೇರೆ, ಇಂಗ್ಲೆಂಡಿನ ‘ಪ್ರೋಗ್ ರಾಕ್’ ಅನ್ನುವ ರಾಕ್ ಶೈಲಿ ಬೇರೆ. ಪ್ರೊಗ್ಗ್ ಅಂದರೆ ಸಂಗೀತ ವ್ಯಾಪಾರದ ಸರಕಾಗಬಾರದು ಅಂದ ಎಡಪಂಥೀಯ ಒಲವಿನ ಚಳವಳಿ. 1970ರಲ್ಲಿ ಸ್ಟಾಕ್‌ಹೋಮ್‌ನ ಯೆರ್ಡೆಟ್ ಬಯಲಿನಲ್ಲಿ ನಡೆದ ಉಚಿತ ಸಂಗೀತೋತ್ಸವ ಅದರ ದೊಡ್ಡ ಗುರುತು.

ಇನ್ನೊಂದು: ಈ ಶ್ರುತಿಯ ಗುಂಗು ರೈಲಿಯ ಭಾರತೀಯ ಗುರುವಿನಿಂದ ಬಂತು ಅನ್ನುವ ಊಹೆ. ವರ್ಷ ನೋಡಿ. ರೈಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯನಾದದ್ದು 1970ರಲ್ಲಿ, ಸ್ಟಾಕ್‌ಹೋಮ್‌ಗೆ ಬಂದು ಮೂರು ವರ್ಷ ಆದಮೇಲೆ. (ಪ್ರಾಣನಾಥರದು ಕಿರಾಣಾ ಘರಾನಾ. ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದ್ದೂ ಅದೇ ಅಲ್ವಾ!)

ಕೇಳುವಾಗ ಮೊದಲ ಸುತ್ತಿನಲ್ಲಿ ಬಾಸ್ ಒಂದನ್ನೇ ಹಿಡಿದುಕೊಳ್ಳಿ. ಗಿಟಾರ್ ಕಡೆ ಎರಡನೇ ಸಲ ಹೋಗಿ.