ಚಾವಣಿ ಮೇಲಿನ ಸ್ವಿಚ್ ಯಾರ ಕೈಯಲ್ಲಿದೆ?

2015ರ ಡಿಸೆಂಬರ್ 23ರ ಮಧ್ಯಾಹ್ನ. ಉಕ್ರೇನಿನ ಪಶ್ಚಿಮ ಭಾಗದ ಒಂದು ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮು. ಅಲ್ಲಿ ಕೂತಿದ್ದ ಆಪರೇಟರ್ ಒಬ್ಬರ ಕಣ್ಣೆದುರೇ ಕಂಪ್ಯೂಟರಿನ ಮೌಸ್ ಬಾಣ ತಾನಾಗಿಯೇ ಓಡಾಡತೊಡಗಿತು. ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ (ಕರೆಂಟ್ ಹರಿವನ್ನು ಕಡಿಯುವ ದೊಡ್ಡ ಸ್ವಿಚ್) ಇದ್ದ ಜಾಗಕ್ಕೆ ಹೋಯಿತು, ಕ್ಲಿಕ್ ಆಯಿತು, ನಿಜವಾಗಿಯೂ ಆಫ್ ಮಾಡಬೇಕಾ ಎಂದು ಪರದೆ ಕೇಳಿದ್ದಕ್ಕೆ ಇನ್ನೊಂದು ಕ್ಲಿಕ್ ಆಯಿತು. ಅವರು ಮೌಸ್ ಹಿಡಿದು ಎಳೆದರು, ಬಾಣ ಅವರ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸಿಸ್ಟಮ್ ಅವರನ್ನೇ ಹೊರಗೆ ಹಾಕಿತು. ಮತ್ತೆ ಒಳಗೆ ಹೋಗೋಣವೆಂದರೆ ಪಾಸ್‌ವರ್ಡ್ ಬದಲಾಗಿತ್ತು. ಅವತ್ತು ಮೂರು ವಿತರಣಾ ಕಂಪನಿಗಳ ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಸೈಬರ್ ದಾಳಿಯಿಂದಲೇ ಜನರ ಮನೆ ಕತ್ತಲಾದದ್ದು ಎಲ್ಲರಿಗೂ ಗೊತ್ತಾದ ಮೊದಲ ಸಲ ಅದು.

ಇಂಥ ಸುದ್ದಿ ಬಂದಾಗಲೆಲ್ಲ "ಅತ್ಯಂತ ಸುಧಾರಿತ ದಾಳಿ" ಅನ್ನುವ ಮಾತು ಬಂದೇ ಬರುತ್ತದೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಆ ದಾಳಿಕೋರರು ಒಳಗೆ ಬಂದದ್ದು ಹೇಗೆ ಗೊತ್ತಾ? ತಿಂಗಳುಗಳ ಮೊದಲು ಸಿಬ್ಬಂದಿಗೆ ಬಂದ ಇಮೇಲ್‌ನಲ್ಲಿದ್ದ ಒಂದು ಫೈಲಿನ ಮೂಲಕ. ಯಾರೋ ಅದನ್ನು ತೆರೆದರು, ಮ್ಯಾಕ್ರೋ (ಫೈಲಿನೊಳಗೆ ಅಡಗಿರುವ ಪುಟ್ಟ ಪ್ರೋಗ್ರಾಮ್) ಚಾಲೂ ಮಾಡಿ ಅಂದಿತು, ಮಾಡಿದರು. ಆಮೇಲೆ ದಾಳಿಕೋರರು ಒಳಗೇ ಕೂತು ಎಲ್ಲಿ ಏನಿದೆ ಎಂದು ನಿಧಾನವಾಗಿ ಕಲಿತರು. ಬ್ರೇಕರ್ ತೆರೆಯಲು ಬಳಸಿದ್ದು ಯಾವುದೋ ವಿಚಿತ್ರ ಅಸ್ತ್ರವನ್ನಲ್ಲ, ಆಪರೇಟರುಗಳು ದಿನಾ ಬಳಸುವ ಅದೇ ಸಾಫ್ಟ್‌ವೇರನ್ನು. ಜನ ದೂರು ಕೊಡಲು ಫೋನ್ ಮಾಡಿದರೆ ಸಿಗಬಾರದೆಂದು ಕಂಪನಿಯ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಸುರಿಮಳೆಯನ್ನೂ ಮಾಡಿದರು.

2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೊನಿಯಲ್ ಪೈಪ್‌ಲೈನ್ ನಿಂತದ್ದೂ ಹೀಗೇ. ಬಳಕೆಯಲ್ಲೇ ಇರದಿದ್ದ ಒಂದು ಹಳೆಯ ವಿಪಿಎನ್ ಖಾತೆ (ಹೊರಗಿನಿಂದ ಕಂಪನಿಯ ಜಾಲದೊಳಗೆ ಬರುವ ದಾರಿ), ಒಂದು ಪಾಸ್‌ವರ್ಡ್, ಓಟಿಪಿಯಂಥ ಎರಡನೇ ತಪಾಸಣೆ ಯಾವುದೂ ಇಲ್ಲ. ಅಷ್ಟರಿಂದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಸುಮಾರು 8,850 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ದಿನಗಟ್ಟಲೆ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ದಾಳಿಕೋರರೂ ಅಲ್ಲ. ಕಚೇರಿಯ ಕಂಪ್ಯೂಟರುಗಳು ಕೈಕೊಟ್ಟವು, ತೊಂದರೆ ಎಲ್ಲಿವರೆಗೆ ಹಬ್ಬಿದೆ ಎಂದು ತಿಳಿಯದೆ ಕಂಪನಿಯೇ ಮಾರ್ಗವನ್ನು ಬಂದ್ ಮಾಡಿತು.

ಇದೆಲ್ಲ ಹಳೆಯ ಕಥೆ. ಈಗ ಯಾಕೆ ಹೇಳುತ್ತಿದ್ದೇನೆಂದರೆ, ಅವತ್ತಿನ ಗ್ರಿಡ್‌ಗೂ (ಸ್ಥಾವರಗಳನ್ನೂ ಮನೆಗಳನ್ನೂ ಬೆಸೆಯುವ ವಿದ್ಯುತ್ ಜಾಲ) ಇವತ್ತಿನದಕ್ಕೂ ಒಂದು ದೊಡ್ಡ ವ್ಯತ್ಯಾಸ ಬಂದುಬಿಟ್ಟಿದೆ, ಅದರ ಬಗ್ಗೆ ಮಾತು ಸಾಲದು ಅನ್ನಿಸುತ್ತದೆ. ಆಗ ಕಾಪಾಡಬೇಕಾದದ್ದು ಕೆಲವು ಕಂಟ್ರೋಲ್ ರೂಮುಗಳು, ಸಬ್‌ಸ್ಟೇಷನ್ನುಗಳು, ದೊಡ್ಡ ಸ್ಥಾವರಗಳು. ಈಗ ಲಕ್ಷಾಂತರ ಮನೆಗಳ ಚಾವಣಿಯಲ್ಲಿ ಪುಟ್ಟ ಪುಟ್ಟ ಸೋಲಾರ್ ವಿದ್ಯುತ್ ಸ್ಥಾವರಗಳಿವೆ. ಹೆಚ್ಚಿನವು ವೈಫೈ ಮೂಲಕ ತಯಾರಕರ ಸರ್ವರಿಗೆ ಅಂಟಿಕೊಂಡಿವೆ.

ಇದು ಯಾಕೆ ಮುಖ್ಯ ಎಂದು ತಿಳಿಯಲು ಗ್ರಿಡ್‌ನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ತಂತಿಯಲ್ಲಿ ಕರೆಂಟನ್ನು ಕೂಡಿಡಲು ಆಗುವುದಿಲ್ಲ. ಪ್ರತಿ ಕ್ಷಣ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಆಗುತ್ತಿರಬೇಕು, ತಕ್ಕಡಿಯ ಎರಡೂ ತಟ್ಟೆ ಸಮ ಇರಬೇಕು. ಈ ತಕ್ಕಡಿಯ ಮುಳ್ಳೇ ಫ್ರೀಕ್ವೆನ್ಸಿ. ಹೆಚ್ಚಿನ ದೇಶಗಳಲ್ಲಿ ಅದು 50 ಹರ್ಟ್ಜ್, ಅಮೆರಿಕದಂಥ ಕೆಲವು ಕಡೆ 60. ಉತ್ಪಾದನೆ ಕಡಿಮೆಯಾದರೆ ಮುಳ್ಳು ಇಳಿಯುತ್ತದೆ, ಜಾಸ್ತಿಯಾದರೆ ಏರುತ್ತದೆ. ಸಣ್ಣ ಏರಿಳಿತ ದಿನವಿಡೀ ಇದ್ದದ್ದೇ. ಆದರೆ ದೊಡ್ಡ ತೂಕವೊಂದು ಒಮ್ಮೆಲೇ ಒಂದು ತಟ್ಟೆಯಿಂದ ಬಿದ್ದರೆ ಮುಳ್ಳು ಎಷ್ಟು ಬೇಗ ಓಡುತ್ತದೆಂದರೆ, ತಮ್ಮನ್ನು ತಾವು ಕಾಪಾಡಿಕೊಳ್ಳಲು ಬೇರೆ ಸ್ಥಾವರಗಳೂ ಸಂಪರ್ಕ ಕಡಿದುಕೊಳ್ಳುತ್ತವೆ. ಆಗ ತೂಕ ಇನ್ನೂ ತಪ್ಪುತ್ತದೆ, ಇನ್ನಷ್ಟು ಸ್ಥಾವರಗಳು ಹೋಗುತ್ತವೆ.

ಯುರೋಪಿನ ಮುಖ್ಯ ಗ್ರಿಡ್ ಇಂಥ ಹೊಡೆತಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದೆ. ಒಮ್ಮೆಲೇ 3,000 ಮೆಗಾವಾಟ್ ಹೋದರೂ ತಡೆದುಕೊಳ್ಳುವಷ್ಟು ಮೀಸಲು ಸದಾ ಸಿದ್ಧ ಇರುತ್ತದೆ. ಸುಮಾರಾಗಿ ಎರಡು ದೊಡ್ಡ ಪರಮಾಣು ರಿಯಾಕ್ಟರುಗಳು ಒಟ್ಟಿಗೆ ನಿಂತ ಹಾಗೆ. ಈಗ ಮನೆಯ ಚಾವಣಿಗೆ ಬನ್ನಿ. ಒಂದು ಮನೆಯ ಸೋಲಾರ್ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) 5 ಕಿಲೋವಾಟ್ ಅಂದುಕೊಳ್ಳೋಣ. 3,000 ಮೆಗಾವಾಟ್ ಆಗಲು ಎಷ್ಟು ಮನೆ ಬೇಕು? 6 ಲಕ್ಷ. ದೊಡ್ಡ ತಯಾರಕರು ಮಾರಿರುವ ಇನ್ವರ್ಟರುಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಜಾಸ್ತಿ. ಚೆನ್ನಾಗಿ ಬಿಸಿಲಿರುವ ಮಧ್ಯಾಹ್ನ ಒಂದು ಕಂಪನಿಯ ಸರ್ವರಿನಿಂದ "ಎಲ್ಲ ಆಫ್" ಎಂಬ ಒಂದೇ ಆದೇಶ ಹೊರಟರೆ ಸಾಕು. ಆ ಆದೇಶ ಕಳ್ಳ ಕೊಟ್ಟದ್ದೋ, ಸರ್ಕಾರದ ಒತ್ತಡಕ್ಕೆ ಮಣಿದ ಕಂಪನಿ ಕೊಟ್ಟದ್ದೋ, ಅಥವಾ ತಪ್ಪು ಅಪ್‌ಡೇಟ್ ಕಳಿಸಿದ ಎಂಜಿನಿಯರ್ ಕೊಟ್ಟದ್ದೋ, ಗ್ರಿಡ್‌ಗೆ ಮೂರೂ ಒಂದೇ.

ಮೂರನೆಯ ಮಾತನ್ನು ಸುಮ್ನೆ ಸೇರಿಸಿದ್ದಲ್ಲ. ಜರ್ಮನಿಯಲ್ಲಿ ಹೆಚ್ಚುಕಡಿಮೆ ಇಂಥದ್ದೇ ಒಂದು ಬಲೆ ಯಾವ ಶತ್ರುವೂ ಇಲ್ಲದೆ ತಯಾರಾಗಿತ್ತು. ಸೋಲಾರ್ ಇನ್ನೂ ಸಣ್ಣ ವಿಷಯವಾಗಿದ್ದಾಗ ಅಲ್ಲಿ ಒಂದು ನಿಯಮ ಮಾಡಿದ್ದರು: ಫ್ರೀಕ್ವೆನ್ಸಿ 50.2 ಹರ್ಟ್ಜ್ ದಾಟಿದರೆ ಇನ್ವರ್ಟರ್ ತಕ್ಷಣ ಆಫ್ ಆಗಬೇಕು. ಚಾವಣಿಗಳಲ್ಲಿ ಸೋಲಾರ್ ಕಡಿಮೆ ಇದ್ದಾಗ ಅದು ಒಳ್ಳೆಯ ನಿಯಮವೇ. ಆಮೇಲೆ ಸೋಲಾರ್ ಸಾವಿರಾರು ಮೆಗಾವಾಟ್‌ಗೆ ಬೆಳೆಯಿತು, ನಿಯಮ ಹಾಗೇ ಉಳಿಯಿತು. ಫ್ರೀಕ್ವೆನ್ಸಿ ಒಂದು ಸಲ ಆ ಗೆರೆ ಮುಟ್ಟಿದರೆ ಲಕ್ಷಾಂತರ ಇನ್ವರ್ಟರುಗಳು ಅದೇ ಕ್ಷಣಕ್ಕೆ ಸಂಪರ್ಕ ಕಡಿದುಕೊಳ್ಳುತ್ತಿದ್ದವು. ಗ್ರಿಡ್ ಸ್ವಲ್ಪ ಜಾಸ್ತಿ ಇದ್ದ ಸ್ಥಿತಿಯಿಂದ ನೇರ ಭಾರೀ ಕೊರತೆಗೆ ಬೀಳುತ್ತಿತ್ತು. ಪುಣ್ಯಕ್ಕೆ ಎಂಜಿನಿಯರುಗಳು ಇದನ್ನು ಮೊದಲೇ ಗುರುತಿಸಿದರು. 2012ರಲ್ಲಿ ಸರ್ಕಾರ ಹೊಸ ಆದೇಶ ತಂದಿತು, 3 ಲಕ್ಷಕ್ಕೂ ಹೆಚ್ಚು ಸೋಲಾರ್ ಘಟಕಗಳ ಸೆಟ್ಟಿಂಗನ್ನು ಬದಲಾಯಿಸಬೇಕಾಯಿತು. ಬೇರೆ ಬೇರೆ ಇನ್ವರ್ಟರುಗಳು ಬೇರೆ ಬೇರೆ ಮಟ್ಟದಲ್ಲಿ ಬಿಡುವಂತೆ ಇಲ್ಲವೇ ನಿಧಾನವಾಗಿ ಉತ್ಪಾದನೆ ತಗ್ಗಿಸುವಂತೆ ಮಾಡಿದರು. ಕೆಲಸ ಮುಗಿಯಲು ವರ್ಷಗಳೇ ಹಿಡಿದವು.

ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಇರುವುದು ಇಲ್ಲೇ. ಸೋಲಾರ್ ಅಪಾಯವಲ್ಲ. ಲಕ್ಷಾಂತರ ಯಂತ್ರಗಳು ಒಂದೇ ಕ್ಷಣ ಒಂದೇ ಕೆಲಸ ಮಾಡುವುದು ಅಪಾಯ.

ಸೋಲಾರ್ ಅಪಾಯವಲ್ಲ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. 2025ರ ಏಪ್ರಿಲ್ 28ರ ಮಧ್ಯಾಹ್ನ ದ್ವೀಪಗಳನ್ನು ಬಿಟ್ಟು ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದವು. ಸ್ಪೇನಿನಲ್ಲಿ ಸುಮಾರು 15,000 ಮೆಗಾವಾಟ್ ಕೆಲವೇ ಸೆಕೆಂಡುಗಳಲ್ಲಿ ಮಾಯವಾಯಿತು. ರೈಲು, ಫೋನ್, ಸಿಗ್ನಲ್ ಎಲ್ಲ ನಿಂತವು. ಸಂಜೆಯೊಳಗೆ ಎರಡು ಗುಂಪು ತಯಾರಾಗಿತ್ತು. ಒಬ್ಬರು ಇದು ಹ್ಯಾಕರುಗಳ ಕೆಲಸ ಅಂದರು, ಇನ್ನೊಬ್ಬರು ಸೋಲಾರ್ ಜಾಸ್ತಿ ಆಗಿದ್ದೇ ಕಾರಣ ಅಂದರು. ತನಿಖೆ ಮಾಡಿದವರು ಸೈಬರ್ ದಾಳಿಯ ಗುರುತು ಸಿಕ್ಕಿಲ್ಲ ಎಂದು ಹೇಳಿದರು. ಅವತ್ತು ಆಗಿದ್ದು ವೋಲ್ಟೇಜ್ ತೊಂದರೆ. ವೋಲ್ಟೇಜ್ ಮಿತಿ ಮೀರಿ ಏರಿತು, ಅದನ್ನು ಹಿಡಿದಿಡಬೇಕಿದ್ದ ಕೆಲವು ಸಾಂಪ್ರದಾಯಿಕ ಸ್ಥಾವರಗಳು ಬೇಕಾದಷ್ಟು ಹಿಡಿಯಲಿಲ್ಲ. ಸೋಲಾರ್ ಘಟಕಗಳಿಗೋ ವೋಲ್ಟೇಜ್ ನಿಭಾಯಿಸುವ ಕೆಲಸವನ್ನು ಆಗಿನ ನಿಯಮಗಳು ಕೊಟ್ಟಿರಲೇ ಇಲ್ಲ. ಆ ಕೆಲಸ ಮಾಡುವ ಶಕ್ತಿ ಇವತ್ತಿನ ಇನ್ವರ್ಟರಿಗೆ ಇದೆ. ಕೇಳಿದರೆ ಮಾಡುತ್ತದೆ, ಕೇಳಿರಲಿಲ್ಲ, ಅಷ್ಟೇ. ಅಲ್ಲಿ ಹಿಂದೆ ಬಿದ್ದದ್ದು ತಂತ್ರಜ್ಞಾನವಲ್ಲ, ನಿಯಮ.

ಸರಿ, ಇನ್ವರ್ಟರಿನ ಬಾಗಿಲು ಎಷ್ಟು ಭದ್ರವಾಗಿದೆ? ಫೋರ್‌ಸ್ಕೌಟ್ ಎಂಬ ಭದ್ರತಾ ಸಂಸ್ಥೆಯವರು 2025ರಲ್ಲಿ ಮೂರು ದೊಡ್ಡ ತಯಾರಕರ ವ್ಯವಸ್ಥೆಗಳಲ್ಲಿ 46 ಹೊಸ ಲೋಪಗಳನ್ನು ಹುಡುಕಿ ತೋರಿಸಿದರು. ಕೆಲವು ಲೋಪಗಳಿಂದ ಯಾರದೋ ಖಾತೆಯನ್ನು ಇನ್ಯಾರೋ ವಶಮಾಡಿಕೊಂಡು ಅವರ ಇನ್ವರ್ಟರಿನ ಸೆಟ್ಟಿಂಗ್ ಬದಲಾಯಿಸಬಹುದಿತ್ತು. ಗಮನಿಸಿ, ಇದಕ್ಕೆ ಯಾರೂ ಚಾವಣಿ ಹತ್ತಬೇಕಿಲ್ಲ. ನಿಮ್ಮ ಫೋನಿನ ಆ್ಯಪ್ ಮಾತಾಡುವುದು ಸಾಮಾನ್ಯವಾಗಿ ಪಕ್ಕದಲ್ಲೇ ಇರುವ ಇನ್ವರ್ಟರಿನ ಜೊತೆ ಅಲ್ಲ. ಅದು ದೂರದ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಆದೇಶ ವಾಪಸ್ ನಿಮ್ಮ ಮನೆಗೆ ಬರುತ್ತದೆ. ಆ ದಾರಿ ಒಡೆದರೆ ಒಂದು ಮನೆಯಲ್ಲ, ಎಲ್ಲ ಮನೆಯೂ ಸಿಗುತ್ತದೆ. ಲೋಪಗಳನ್ನು ಸರಿಪಡಿಸಿದ್ದಾರೆ, ಒಳ್ಳೆಯದು. ಆದರೆ ದಾರಿ ಹಾಗೇ ಇದೆ.

ಈ ವಿಷಯದಲ್ಲಿ ರಾಜಕಾರಣಿಗಳು ಹೆಚ್ಚಾಗಿ ಕೇಳುವುದು ಇನ್ವರ್ಟರ್ ಯಾವ ದೇಶದ್ದು ಅಂತ. ಆ ಪ್ರಶ್ನೆ ತಪ್ಪೇನಲ್ಲ, ಸಾಲದು. ಲಿಥುವೇನಿಯಾ 2024ರ ನವೆಂಬರ್‌ನಲ್ಲಿ ಮಾಡಿದ ಕಾನೂನು ನನಗೆ ಹಿಡಿಸಿತು. ಅದು ಚೀನಾದ ಉಪಕರಣ ಕೊಳ್ಳಲೇಬೇಡಿ ಅನ್ನಲಿಲ್ಲ. 100 ಕಿಲೋವಾಟ್‌ಗಿಂತ ದೊಡ್ಡ ಸೋಲಾರ್, ಗಾಳಿ ಮತ್ತು ಬ್ಯಾಟರಿ ಘಟಕಗಳನ್ನು ಚೀನಾದಿಂದ ದೂರನಿಯಂತ್ರಣ ಮಾಡಲು ಆಗಬಾರದು ಅಂದಿತು. ಪೆಟ್ಟಿಗೆ ಎಲ್ಲಿ ತಯಾರಾಯಿತು ಅನ್ನುವುದನ್ನು ಬಿಟ್ಟು ಸ್ವಿಚ್ ಯಾರ ಕೈಯಲ್ಲಿದೆ ಎಂದು ಕೇಳಿದ್ದು ಸರಿಯಾದ ದಿಕ್ಕು. ಆದರೆ 100 ಕಿಲೋವಾಟ್ ಎಂಬ ಗೆರೆ ಎಳೆದದ್ದರಿಂದ ಮನೆಗಳ ಚಾವಣಿಗಳು ಹೊರಗುಳಿದವು. ಅದು ಹಳೆಯ ಕಾಲದ ಲೆಕ್ಕ, ದೊಡ್ಡದಿದ್ದರೆ ಮಾತ್ರ ಅಪಾಯ ಅಂದುಕೊಳ್ಳುವ ಲೆಕ್ಕ. 6 ಲಕ್ಷ ಸಣ್ಣವು ಸೇರಿದರೆ ಎಷ್ಟಾಗುತ್ತದೆಂದು ಆಗಲೇ ನೋಡಿದೆವಲ್ಲ.

ನಿಯಮ ಮಾಡುವವರಲ್ಲಿ ನನ್ನ ಮುಖ್ಯ ಬೇಡಿಕೆ ಹೀಗಿದೆ. ಯಾವ ಸರ್ವರಿನಿಂದ ಯಾವ ಆದೇಶ ಬಂದರೂ ಇನ್ವರ್ಟರುಗಳು ಒಟ್ಟಿಗೆ ಆಫ್ ಆಗಬಾರದು. ಒಂದು ಈಗ, ಇನ್ನೊಂದು ಐದು ನಿಮಿಷದ ನಂತರ, ಮತ್ತೊಂದು ಹತ್ತು ನಿಮಿಷದ ನಂತರ, ಹೀಗೆ ಚದುರಬೇಕು. ಗ್ರಿಡ್ ನಡೆಸುವವರಿಗೆ ತುರ್ತಾಗಿ ಇಳಿಸಬೇಕಾಗಿ ಬಂದರೆ ಅದಕ್ಕೆ ಬೇರೆಯದೇ ಕೀಲಿ ಇರಲಿ, ಅದು ತಯಾರಕರ ಕೈಯಲ್ಲಿ ಬೇಡ. ಈ ತಡೆ ಯಂತ್ರದೊಳಗೇ ಇರಬೇಕು, ಇಂಟರ್ನೆಟ್‌ನಿಂದ ಬರುವ ಅಪ್‌ಡೇಟ್ ಅದನ್ನು ಅಳಿಸಲು ಆಗಬಾರದು. ಇಂಟರ್ನೆಟ್ ಕಡಿದರೂ ಇನ್ವರ್ಟರ್ ತನ್ನ ಪಾಡಿಗೆ ಕೆಲಸ ಮಾಡುತ್ತಿರಬೇಕು. ಇದ್ಯಾವುದೂ ರಾಕೆಟ್ ಹಾರಿಸುವಷ್ಟು ಕಷ್ಟದ್ದಲ್ಲ. ಜರ್ಮನಿಯವರು 50.2ರ ವಿಷಯದಲ್ಲಿ ಅರ್ಧ ದಾರಿ ಆಗಲೇ ನಡೆದಿದ್ದಾರೆ.

ಅಪ್‌ಡೇಟ್ ಎಷ್ಟು ವರ್ಷ ಅನ್ನುವುದು ಇನ್ನೊಂದು ತಲೆನೋವು. ಬ್ರಿಟನ್ 2024ರ ಏಪ್ರಿಲ್ 29ರಿಂದ ಮನೆಬಳಕೆಯ ಸ್ಮಾರ್ಟ್ ಉಪಕರಣಗಳಲ್ಲಿ ಸುಲಭವಾಗಿ ಊಹಿಸಬಹುದಾದ ಸಿದ್ಧ ಪಾಸ್‌ವರ್ಡನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದ ಸೈಬರ್ ಕಾನೂನಿನ ಮುಖ್ಯ ಭಾಗ 2027ರ ಡಿಸೆಂಬರ್‌ನಿಂದ ಜಾರಿಗೆ ಬರುತ್ತದೆ. ಅದರಂತೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಭದ್ರತಾ ಅಪ್‌ಡೇಟ್ ಕೊಡಬೇಕು, ಉಪಕರಣ ಅದಕ್ಕಿಂತ ಹೆಚ್ಚು ಕಾಲ ಬಾಳುವಂಥದ್ದಾದರೆ ಇನ್ನೂ ಹೆಚ್ಚು. ಫೋನಿಗೆ 5 ವರ್ಷ ಸಾಕಾಗಬಹುದು. ಸೋಲಾರ್ ಪ್ಯಾನೆಲ್ 25 ವರ್ಷ ಇರುತ್ತದೆ, ಇನ್ವರ್ಟರ್ ಹತ್ತು ವರ್ಷವಾದರೂ ಇರುತ್ತದೆ. ಮಧ್ಯೆ ಕಂಪನಿ ಮುಚ್ಚಿಹೋದರೆ ಆ ಸರ್ವರ್ ಯಾರ ಪಾಲಾಗುತ್ತದೆ? ಇದಕ್ಕೆ ಉತ್ತರ ಇಲ್ಲದ ಉಪಕರಣವನ್ನು ಗ್ರಿಡ್‌ಗೆ ಜೋಡಿಸಲು ಬಿಡಲೇಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮತ್ತೆ ಉಕ್ರೇನಿಗೆ ಬರುತ್ತೇನೆ. ಅವತ್ತು ಕರೆಂಟ್ 1ರಿಂದ 6 ಗಂಟೆಯೊಳಗೆ ವಾಪಸ್ ಬಂತು. ಕಂಪ್ಯೂಟರ್ ಸರಿಹೋಗಿ ಅಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿದರು. ದಾಳಿಕೋರರು ಸಂಪರ್ಕ ಉಪಕರಣಗಳ ಒಳಗಿನ ಸಾಫ್ಟ್‌ವೇರನ್ನೇ ಕೆಡಿಸಿ ಹೋಗಿದ್ದರಿಂದ, ಎರಡು ತಿಂಗಳು ದಾಟಿದರೂ ಕಂಟ್ರೋಲ್ ರೂಮುಗಳು ಪೂರ್ತಿ ಸರಿಹೋಗಿರಲಿಲ್ಲ, ಬ್ರೇಕರ್ ಕೆಲಸ ಕೈಯಿಂದಲೇ ನಡೆಯುತ್ತಿತ್ತು. ಹಾಗೆ ಕೈಯಿಂದ ಹಾಕುವ ವ್ಯವಸ್ಥೆ ಇದ್ದದ್ದರಿಂದ ಊರುಗಳು ಬಚಾವಾದವು. ಅವರು ಹೋಗಬೇಕಾಗಿದ್ದದ್ದು ಹತ್ತಾರು ಸಬ್‌ಸ್ಟೇಷನ್ನುಗಳಿಗೆ. ಇನ್ವರ್ಟರುಗಳ ಒಳಗಿನ ಸಾಫ್ಟ್‌ವೇರನ್ನು ಯಾರಾದರೂ ಹೀಗೇ ಕೆಡಿಸಿದರೆ ಹತ್ತಬೇಕಾದದ್ದು 6 ಲಕ್ಷ ಚಾವಣಿ.